ತ್ರೀ ಫೇಸ್ ಬಂದೊಡನೆ ಕೈಕೊಡುವ ವೈರ್‌ಲೆಸ್ ಸಾಧನ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮ ಮಾವಿನ ತೋಟವಿದೆ. ಕೊಳವೆಬಾವಿಯ ಪಂಪ್‌ಮನೆಗೂ ದಿಬ್ಬದ ಮೇಲಿನ ತೊಟ್ಟಿಗೂ ನಡುವೆ ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಂದೇಶ ಕಳುಹಿಸುವ ರೇಡಿಯೋ) ಸಾಧನ ಹಾಕಿಸಿದ್ದೇವೆ. ಪಕ್ಕದ ತೋಟದವರೂ ಅದೇ ಮೆಕ್ಯಾನಿಕ್‌ನಿಂದ ಅಂಥದ್ದನ್ನೇ ಹಾಕಿಸಿದ ಮೇಲೆ, ತ್ರೀ ಫೇಸ್ ಕರೆಂಟ್ ಬಂದ ಸ್ವಲ್ಪ ಹೊತ್ತಿಗೇ ನಮ್ಮ ಮೋಟಾರ್ ನಿಂತುಬಿಡುತ್ತದೆ. ಒಮ್ಮೆ ಆರಿಸಿ ಹಾಕಿದರೆ ಆ ದಿನಕ್ಕೆ ಸರಿಹೋಗುತ್ತದೆ. ಹೆಚ್ಚು ಶಕ್ತಿಯ ಆಂಟೆನಾ ಹಾಕಿಸಬೇಕೆ?

ಉತ್ತರ: ಬೇಡ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಈ ಆಂಟೆನಾದ ಮಾತೇ ಇರುತ್ತದೆ. ಸಿಗ್ನಲ್ ದುರ್ಬಲವಾಗಿದ್ದರೆ ಆರಿಸಿ ಹಾಕಿದ ಮಾತ್ರಕ್ಕೆ ಅದು ಹೇಗೆ ಬಲಗೊಂಡೀತು ಎಂದು ಮೆಕ್ಯಾನಿಕ್ ಒಮ್ಮೆಯಾದರೂ ಯೋಚಿಸಬೇಕಿತ್ತು.

ನಿಮ್ಮ ಎರಡೂ ಪಂಪ್‌ಮನೆಗಳು ಒಂದೇ ಲೈನಿನ ಮೇಲಿರುವುದರಿಂದ ಕರೆಂಟ್ ಬಂದ ಕ್ಷಣದಲ್ಲೇ ಎರಡೂ ಸಾಧನಗಳು ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಇಂಥ ಸಾಧನಗಳು ಸಾಮಾನ್ಯವಾಗಿ ಪ್ರತಿ ಹತ್ತು ಸೆಕೆಂಡಿಗೊಮ್ಮೆ ತೊಟ್ಟಿಯ ಮಟ್ಟವನ್ನು ಕೇಳುವಂತಿರುತ್ತವೆ. ಎರಡೂ ಅದೇ ಕ್ಷಣದಲ್ಲಿ, ಅದೇ ಚಾನೆಲ್‌ನಲ್ಲಿ ಕೇಳಿದರೆ ಯಾವ ತೊಟ್ಟಿಗೂ ಪ್ರಶ್ನೆ ಸ್ಪಷ್ಟವಾಗಿ ತಲುಪುವುದಿಲ್ಲ. ಉತ್ತರ ಬಾರದಿದ್ದಾಗ ಮೋಟಾರ್ ನಿಲ್ಲುವುದು ಸರಿಯಾದ ಸುರಕ್ಷತಾ ಕ್ರಮವೇ ಆಗಿದೆ. ಅದನ್ನು ಮಾತ್ರ ತೆಗೆಸಬೇಡಿ. ಇವುಗಳೊಳಗಿನ ಸ್ಫಟಿಕ ಗಡಿಯಾರಗಳು ಲಕ್ಷಕ್ಕೆ ಎರಡು-ಮೂರು ಪಾಲಿನಷ್ಟೇ ಹೆಚ್ಚುಕಡಿಮೆಯಾಗುವುದರಿಂದ, ಬೆಳಿಗ್ಗೆ ಡಿಕ್ಕಿ ಹೊಡೆದ ಸಂದೇಶಗಳು ಬಹಳ ಹೊತ್ತು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ನೀವೊಬ್ಬರೇ ಆರಿಸಿ ಹಾಕಿದಾಗ ನಿಮ್ಮ ಸಾಧನದ ಸಮಯ ಕೆಲವು ಸೆಕೆಂಡು ಪಕ್ಕಕ್ಕೆ ಸರಿಯುತ್ತದೆ. ‘ರೀಸೆಟ್’ ಎಂಬ ಮಹಿಮೆಯೆಲ್ಲ ಇಷ್ಟೇ.

ಇದರ ಮೇಲೆ ಮೆಕ್ಯಾನಿಕ್‌ಗಳು ‘ದೂರ ಹೋಗಲಿ’ ಎಂದು ಸ್ಪ್ರೆಡಿಂಗ್ ಫ್ಯಾಕ್ಟರನ್ನು (ಸಂದೇಶವನ್ನು ಎಷ್ಟು ನಿಧಾನವಾಗಿ ಕಳುಹಿಸಬೇಕೆಂಬ ಹೊಂದಾಣಿಕೆ, ನಿಧಾನವಾದಷ್ಟೂ ದೂರ) 12ಕ್ಕೆ ಇಟ್ಟುಬಿಡುತ್ತಾರೆ. 125 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ 20 ಬೈಟ್‌ನ ಸಂದೇಶಕ್ಕೆ ಆಗ ಸುಮಾರು 1.3 ಸೆಕೆಂಡು ಹಿಡಿಯುತ್ತದೆ. 7ಕ್ಕೆ ಇಟ್ಟರೆ ಸುಮಾರು 0.06 ಸೆಕೆಂಡು ಸಾಕು. ನಾಲ್ಕಾರು ನೂರು ಅಡಿ ದೂರದ, ಕಣ್ಣಿಗೆ ಕಾಣುವ ತೊಟ್ಟಿಯೊಂದಿಗೆ ಮಾತಾಡಲು ಗಾಳಿಯನ್ನು ಇಪ್ಪತ್ತು ಪಟ್ಟಿಗಿಂತ ಹೆಚ್ಚು ಹೊತ್ತು ಆಕ್ರಮಿಸಿಕೊಳ್ಳುವುದು ಅವಿವೇಕ. ಶಕ್ತಿ ಹೆಚ್ಚಿಸುವುದೂ ಅಂಥದ್ದೇ: ನೀವು ಹೆಚ್ಚಿಸಿದರೆ ಪಕ್ಕದವರ ತೊಟ್ಟಿಗೆ ನಿಮ್ಮ ದನಿಯೇ ಜೋರಾಗಿ ಕೇಳಿಸುತ್ತದೆ, ಅವರೂ ಹೆಚ್ಚಿಸುತ್ತಾರೆ, ಕೊನೆಗೆ ಇಬ್ಬರೂ ಇದ್ದಲ್ಲಿಯೇ ಇರುತ್ತೀರಿ.

ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ತೊಟ್ಟಿಯ ಸಾಧನವನ್ನು ಪೂರ್ತಿ ಆರಿಸಿರಿ. ಆಗಲೂ ಪಂಪ್‌ಮನೆಯಲ್ಲಿ ನೀರಿನ ಮಟ್ಟ ಹೊಸದಾಗಿ ಬರುತ್ತಿದ್ದರೆ ನೀವು ಪಕ್ಕದವರ ತೊಟ್ಟಿಯ ಉತ್ತರ ಕೇಳುತ್ತಿದ್ದೀರಿ ಎಂದರ್ಥ. ಅದು ಡಿಕ್ಕಿಯಲ್ಲ, ವಿಳಾಸದ ಗೊಂದಲ. ಎರಡೂ ಕಡೆ ಒಂದೇ ವಿಳಾಸದ ಕೋಡ್ ಉಳಿದಿದೆ. ಹಳೆಯ 433 ಮೆಗಾಹರ್ಟ್ಸ್ ರಿಮೋಟ್‌ಗಳಲ್ಲಿ ಇದು ಇನ್ನೂ ಸಾಮಾನ್ಯ. ಅವುಗಳಲ್ಲಿ ಬಹಳಷ್ಟು ಬಳಕೆಯಾಗುವ ಎಚ್‌ಟಿ12ಇ ಚಿಪ್‌ನಲ್ಲಿ 256 ವಿಳಾಸಗಳಿಗೆ ಅವಕಾಶವಿದ್ದರೂ ಜೋಡಿಸುವವರು ವಿಳಾಸ ಹೊಂದಿಸುವ ಸ್ವಿಚ್ಚುಗಳನ್ನು ಮುಟ್ಟುವುದೇ ಇಲ್ಲ.

ಡಿಕ್ಕಿಯೇ ಆಗಿದ್ದರೆ, ಎರಡು ತೋಟಗಳಿಗೂ ಬೇರೆ ಬೇರೆ ಚಾನೆಲ್ ಕೊಡುವುದೇ ಮೊದಲ ಪರಿಹಾರ; ಪರವಾನಗಿ ಬೇಡದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿದೆ. ತೋಟಗಳು ಹೆಚ್ಚಿದಂತೆ ಅದೊಂದೇ ಸಾಲದು. ಉತ್ತರ ಬಾರದಿದ್ದರೆ ಪ್ರತಿ ಸಾಧನವೂ ಯಾದೃಚ್ಛಿಕ (ಪ್ರತಿ ಸಲ ಲೆಕ್ಕವಿಲ್ಲದೆ ಬದಲಾಗುವ) ಅವಧಿಯವರೆಗೆ ಕಾದು ಮತ್ತೆ ಕೇಳುವಂತೆ ಪ್ರೋಗ್ರಾಮ್ ಬದಲಿಸಬೇಕು, ಕರೆಂಟ್ ಬಂದಾಗಿನ ಮೊದಲ ಪ್ರಶ್ನೆಗೂ ಇದೇ ನಿಯಮವಿರಬೇಕು. ಎಲ್ಲರೂ ಸರಿಯಾಗಿ ಎರಡೇ ಸೆಕೆಂಡು ಕಾದರೆ, ತೋಟದ ಬದುವಿನ ಮೇಲೆ ಎದುರಾದ ಇಬ್ಬರು ಒಂದೇ ಬದಿಗೆ ಸರಿದು ಮತ್ತೆ ಮುಖಾಮುಖಿಯಾದಂತೆ ಆಗುತ್ತದೆ. ಹವಾಯಿ ವಿಶ್ವವಿದ್ಯಾಲಯದ ಅಲೋಹಾ ಜಾಲ 1971ರಲ್ಲೇ ಈ ಯಾದೃಚ್ಛಿಕ ಮರುಪ್ರಯತ್ನವನ್ನು ಬಳಸಿತ್ತು. ನಮ್ಮ ಮಾರುಕಟ್ಟೆಯ ಅಗ್ಗದ ಪೆಟ್ಟಿಗೆಗಳಿಗೆ ಅದಿನ್ನೂ ತಲುಪಿಲ್ಲ.

‘ಮಾತಾಡುವ ಮುನ್ನ ಕೇಳಿಸಿಕೊಳ್ಳುವ’ ಸೌಲಭ್ಯವಿದೆ ಎಂದು ಮಾರುವವರನ್ನೂ ಪೂರ್ತಿ ನಂಬಬೇಡಿ. ದಿಬ್ಬದ ಆಚೆ ಈಚೆ ಇರುವ ಎರಡು ಪಂಪ್‌ಮನೆಗಳಿಗೆ ಪರಸ್ಪರರ ಸಿಗ್ನಲ್ ಕೇಳಿಸದಿದ್ದರೂ ನೆತ್ತಿಯ ಮೇಲಿನ ತೊಟ್ಟಿಗೆ ಎರಡೂ ಕೇಳಿಸುತ್ತವೆ, ಅಲ್ಲಿ ಡಿಕ್ಕಿ ತಪ್ಪುವುದಿಲ್ಲ. ಇನ್ನೊಂದು ಮಾತು ನನ್ನ ಭಯದಿಂದ ಹೇಳುತ್ತಿದ್ದೇನೆ, ಅತಿಯೆನಿಸಿದರೂ ಸರಿ: ವೈರ್‌ಲೆಸ್ ಸಾಧನ ಮೋಟಾರನ್ನು ಆರಿಸಿದೆ ಎಂದು ನಂಬಿ ಯಾರೂ ಸ್ಟಾರ್ಟರ್‌ಗೆ ಕೈ ಹಾಕಬಾರದು, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಬೇಕು.

ಪ್ರಶ್ನೆ: ತುಮಕೂರಿನ ಬಸ್ ನಿಲ್ದಾಣದಲ್ಲಿ ನನ್ನ ಬ್ಲೂಟೂತ್ ಇಯರ್‌ಫೋನ್ ತಡವರಿಸುತ್ತದೆ. ಏಕೆ?

ಉತ್ತರ: ಹಳೆಯ ಮಾದರಿಯ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತ ಗದ್ದಲದ ಚಾನೆಲ್‌ಗಳನ್ನು ತಾನೇ ತಪ್ಪಿಸಿಕೊಳ್ಳುತ್ತದೆ; ಹಾಗಾಗಿ ಗದ್ದಲಕ್ಕಿಂತ ನಿಮ್ಮ ದೇಹವೇ ಅಡ್ಡವಾಗಿರಬಹುದು, ಫೋನನ್ನು ಹಿಂದಿನ ಜೇಬಿನಿಂದ ಅಂಗಿಯ ಜೇಬಿಗೆ ಬದಲಿಸಿ ನೋಡಿ.

ಪ್ರಶ್ನೆ: ಎರಡು ಫೋನ್‌ಗಳ ನಡುವೆ ವೈಫೈ ಡೈರೆಕ್ಟ್ ಜೋಡಣೆ ಅರ್ಧಕ್ಕೇ ನಿಲ್ಲುತ್ತದೆ.

ಉತ್ತರ: ಯಾರು ಮುಂದಾಳು ಎಂಬುದನ್ನು ಎರಡೂ ಫೋನ್‌ಗಳು 0ರಿಂದ 15ರವರೆಗಿನ ಒಂದು ಸಂಖ್ಯೆಯಿಂದ ತೀರ್ಮಾನಿಸುತ್ತವೆ, ಎರಡೂ 15 ಎಂದು ಹಟ ಹಿಡಿದರೆ ಮಾತುಕತೆ ಮುರಿಯುತ್ತದೆ, ಒಬ್ಬರು ಮಾತ್ರ ಆಹ್ವಾನ ಕಳುಹಿಸಿ, ಇನ್ನೊಬ್ಬರು ಸುಮ್ಮನೆ ಕಾಯಿರಿ.

ಪ್ರಶ್ನೆ: ಪಕ್ಕದವರ ಸಿಗ್ನಲ್ ತಡೆಯಲು ಜಾಮರ್ ಸಿಗುತ್ತದೆಯೇ? ಸಾಧನಕ್ಕೆ ಅಂಟಿಸುವ ‘ತರಂಗ ಶುದ್ಧಿ’ ಸ್ಟಿಕ್ಕರ್ ಒಳ್ಳೆಯದೇ?

ಉತ್ತರ: ಖಾಸಗಿ ವ್ಯಕ್ತಿಗಳು ಜಾಮರ್ ಬಳಸುವುದು ಕಾನೂನುಬಾಹಿರ. ಸ್ಟಿಕ್ಕರ್ ಬರೀ ಕಾಗದ, ಅದನ್ನು ಮಾರುವವನು ಮೋಸಗಾರ.