ಓಟಿಪಿ ಅಂದರೆ ಸಿಡುಕುವ ಮಾವ

‘ಮಾವನಿಗೆ ಮರೆವು ಶುರುವಾಗಿದೆ ಅನ್ನಿಸುತ್ತೆ. ಮಾತೆತ್ತಿದರೆ ಸಿಟ್ಟು. ಹೊರಗೆ ಹೋಗುವುದನ್ನೂ ಬಿಟ್ಟಿದ್ದಾರೆ’ ಅಂದರು, ಮಾವನನ್ನು ಸಲಹೆಗೆಂದು ನನ್ನ ಬಳಿ ಕರೆತಂದ ಸೊಸೆ. ಮಾವನಿಗೆ 74 ವರ್ಷ. ಕೆಲಸದಲ್ಲಿದ್ದಷ್ಟು ಕಾಲ ಲೆಕ್ಕಪತ್ರ ನೋಡಿಕೊಂಡವರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಅವರ ಮಾತು ನೆಟ್ಟಗಿತ್ತು. ಬಡ್ಡಿ ಲೆಕ್ಕವನ್ನು ಬಾಯಲ್ಲೇ ಮಾಡಿ ಹೇಳಿದರು. ಹಾಗಾದರೆ ಮರೆಯುತ್ತಿರುವುದೇನು? ‘ಪಿನ್ನು, ಪಾಸ್‌ವರ್ಡು. ಆಮೇಲೆ ಯಾವ ಗುಂಡಿ ಎಲ್ಲಿತ್ತು ಅನ್ನೋದು. ಆಪ್ ಅಪ್‌ಡೇಟ್ ಆದಾಗಲೆಲ್ಲ ಜಾಗ ಬದಲಾಗುತ್ತೆ ಮೇಡಂ.’ ಇದು ಯಾರಿಗೂ ಆಗುವಂಥದ್ದೇ, ಅಲ್ವಾ?

ನನ್ನೆದುರೇ ಒಂದು ಬಿಲ್ ಕಟ್ಟಿ ಅಂದೆ. ಮೊದಲ ಸಲ ಒತ್ತಿದ್ದು ಫೋನಿಗೆ ಗೊತ್ತೇ ಆಗಲಿಲ್ಲ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಒಣ ಬೆರಳು ಮುಟ್ಟಿದ್ದು ಟಚ್‌ಸ್ಕ್ರೀನ್‌ಗೆ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಹಾಗಾಗಿ ಬಲವಾಗಿ ಒತ್ತಿ ಹಿಡಿದರು. ಆಗ ಬೇಡದ ಮೆನು ತೆರೆಯಿತು. ಅಂತೂ ಓಟಿಪಿ ಬಂತು. ಓದಿ ಮುಗಿಸುವ ಮೊದಲೇ ಮೇಲಿಂದ ಮಾಯ. ಮೆಸೇಜ್ ಹುಡುಕಿ, ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ವಾಪಸ್ ಬಂದರೆ ‘ಸಮಯ ಮೀರಿದೆ’. ಅವರು ತಲೆ ಎತ್ತಲಿಲ್ಲ. ‘ಮನೇಲಾಗಿದ್ರೆ ಇಷ್ಟು ಹೊತ್ತಿಗೆ ಮಗ ಫೋನ್ ಕಿತ್ಕೊಂಡಿರ್ತಿದ್ದ. ಕೊಡಿಲ್ಲಿ ಅಪ್ಪ, ಎರಡೇ ನಿಮಿಷ ಅಂತ.’

ಸಿಟ್ಟಿನ ಬೇರು ಅಲ್ಲಿತ್ತು. ಬೇರೆಯವರ ಲೆಕ್ಕ ನೋಡಿದವರು ಈಗ ತಮ್ಮ ಖಾತೆಯಲ್ಲಿ ಎಷ್ಟಿದೆ ಅಂತ ಮಗನನ್ನು ಕೇಳಬೇಕು. ಮುಜುಗರವಾಗಿ ಕೇಳುವುದನ್ನೇ ಬಿಟ್ಟರು. ಬ್ಯಾಂಕಿಗೆ ಹೋದರೆ ‘ಆಪ್‌ನಲ್ಲೇ ಆಗುತ್ತಲ್ಲ’ ಎಂಬ ಉತ್ತರ. ಅಲ್ಲಿಗೆ ಹೋಗುವುದೂ ನಿಂತಿತು.

ಮರೆವಿನ ಅನುಮಾನವನ್ನು ಊಹೆಗೆ ಬಿಡಬೇಡಿ, ಒಮ್ಮೆ ವೈದ್ಯರಿಗೆ ತೋರಿಸಿ, ಕಣ್ಣನ್ನೂ ಪರೀಕ್ಷೆ ಮಾಡಿಸಿ ಅಂದೆ. ಫೋನಿನ ಆ್ಯಕ್ಸೆಸಿಬಿಲಿಟಿ (ಬಳಕೆ ಸುಲಭ ಮಾಡುವ) ಸೆಟ್ಟಿಂಗ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿದೆವು. ಬೇಡದ ಮೆನು ಬೇಗ ತೆರೆಯದಂತೆ ಒತ್ತಿ ಹಿಡಿಯುವ ಸಮಯವನ್ನು ಜಾಸ್ತಿ ಮಾಡುವ ಆಯ್ಕೆಯೂ ಅಲ್ಲೇ ಇದೆ. ಬಹಳ ಮನೆಗಳಲ್ಲಿ ಮಕ್ಕಳೇ ಇದನ್ನು ನೋಡಿರುವುದಿಲ್ಲ. ಓಟಿಪಿ ಬಂದ ಕೂಡಲೇ ಹಾಳೆಯ ಮೇಲೆ ಗೀಚಿಕೊಳ್ಳಿ, ಯಾರೇ ಫೋನ್ ಮಾಡಿ ಕೇಳಿದರೂ ಹೇಳಬೇಡಿ ಅಂದೆ.

ಉಳಿದದ್ದೆಲ್ಲ ಮಗನಿಗೆ. ಪಕ್ಕದಲ್ಲಿ ಕೈ ಕಟ್ಟಿ ಕೂರಿ, ಒತ್ತುವ ಬೆರಳು ಅವರದೇ ಇರಲಿ. ಒಂದೇ ಕೆಲಸ ಹಿಡಿದು, ಅದು ಕೈಗೆ ಹತ್ತುವವರೆಗೂ ಅದನ್ನೇ ಮಾಡಿಸಿ. ಹಂತಗಳನ್ನು ಅವರೇ ತಮ್ಮ ಕೈಯಾರೆ ಬರೆದುಕೊಳ್ಳಲಿ. ಆ ಹಾಳೆಯಲ್ಲಿ ಪಿನ್ ಮಾತ್ರ ಬೇಡ.

‘ಅಷ್ಟು ಪುರುಸೊತ್ತು ಯಾರಿಗಿದೆ ಮೇಡಂ?’ ಅಂದರು ಮಗ.

‘ಇಲ್ಲದಿದ್ದರೆ ಕಲಿಸಬೇಡಿ. ಆದರೆ ಕಿತ್ಕೊಳ್ಳಲೂಬೇಡಿ’ ಅಂದೆ. ಸ್ವಲ್ಪ ಖಾರವಾಗಿಯೇ.

ಎಲ್ಲವೂ ಫೋನಿನಲ್ಲೇ ಆಗಬೇಕು ಎಂಬ ಹಠವೂ ಬೇಡ ಅಂತ ಮಾವನಿಗೆ ಹೇಳಿದೆ. ಬ್ಯಾಂಕಿನಲ್ಲಿ ಆಪ್ ತೋರಿಸಿದರೆ ‘ನನಗೆ ಕೌಂಟರ್‌ನಲ್ಲೇ ಮಾಡಿಕೊಡಿ’ ಅಂತ ಕೇಳುವುದನ್ನು ನನ್ನೆದುರೇ ಹೇಳಿಸಿ ಅಭ್ಯಾಸ ಮಾಡಿಸಿದೆ. ಮೊದಲೆರಡು ಸಲ ದನಿಯೇ ಬರಲಿಲ್ಲ.

ಈಗ ಬಿಲ್‌ಗಳನ್ನು ಅವರೇ ಕಟ್ಟುತ್ತಾರೆ. ದೊಡ್ಡ ಮೊತ್ತವಾದರೆ ಬ್ಯಾಂಕಿಗೆ ನಡೆದುಕೊಂಡೇ ಹೋಗುತ್ತಾರೆ. ಮಗನಿಗೆ ಅದಿನ್ನೂ ಹಿಡಿಸಿಲ್ಲ.