ಖರ್ಚು ಮಾಡಿದ ಮೇಲೆ ಎಲ್ಲವನ್ನೂ ನೋಡಲೇಬೇಕೇ?

ಪ್ರಶ್ನೆ: ನಾವು ವಿಜಯಪುರದವರು. ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ ಇದ್ದಾರೆ. ಅತ್ತೆಯವರೂ ನಮ್ಮೊಂದಿಗಿದ್ದು, ಅವರಿಗೆ ಮೊಣಕಾಲು ನೋವು. ಕಳೆದ ದಸರಾ ರಜೆಯಲ್ಲಿ ಬಾಡಿಗೆ ಕಾರು ಮಾಡಿಕೊಂಡು ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬನಶಂಕರಿ, ಬಾದಾಮಿ ಇಷ್ಟನ್ನೂ ಎರಡೇ ದಿನಗಳಲ್ಲಿ ಮುಗಿಸಿದೆವು. ಮಗಳು ಕಾರಿನಲ್ಲಿ ವಾಂತಿ ಮಾಡಿಕೊಂಡಳು, ಮಗ ದಾರಿಯುದ್ದಕ್ಕೂ ರಚ್ಚೆ ಹಿಡಿದ, ಮನೆಗೆ ಬಂದ ಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ‘ಖರ್ಚು ಮಾಡಿ ಹೋದ ಮೇಲೆ ಎಲ್ಲವನ್ನೂ ನೋಡಿಯೇ ಬರಬೇಕು’ ಎಂಬುದು ಯಜಮಾನರ ವಾದ. ಈ ಸಲವಾದರೂ ನೆಮ್ಮದಿಯಿಂದ ಹೋಗಿಬರುವುದು ಹೇಗೆ?
– ಓರ್ವ ತಾಯಿ, ವಿಜಯಪುರ

ಉತ್ತರ: ನಿಮ್ಮ ಪಟ್ಟಿಯಲ್ಲಿ ನೋಡಬಾರದ ಊರು ಒಂದೂ ಇಲ್ಲ, ಆರನ್ನೂ ಎರಡು ದಿನಗಳಲ್ಲಿ ತುರುಕಿದ್ದರಿಂದ ಇಷ್ಟೆಲ್ಲ ಆಯಿತು. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೂ ಹತ್ತಿರ ಎಂದು ದೊಡ್ಡವರು ದೂರದ ಲೆಕ್ಕ ಹಾಕುತ್ತೇವೆ. ಐದು ವರ್ಷದ ಮಗುವಿಗೆ ದಣಿವಾಗುವುದು ಕಿಲೋಮೀಟರಿನಿಂದಲ್ಲ. ಕಣ್ಣು ಮುಚ್ಚುವಷ್ಟರಲ್ಲಿ ಎಬ್ಬಿಸಿ ಇಳಿಸುವುದು, ಕಾದ ಕಲ್ಲಿನ ಮೇಲೆ ನಡೆಸುವುದು, ಫೋಟೊಕ್ಕೆ ನಿಲ್ಲಿಸುವುದು, ಮತ್ತೆ ಕಾರು ಹತ್ತಿಸುವುದು ಹೀಗೆ ಊರೂರಿಗೂ ನಡೆದರೆ ಯಾವ ಮಗುವಾದರೂ ರಚ್ಚೆ ಹಿಡಿಯುತ್ತದೆ.

ಈ ಬಾರಿ ಬಾದಾಮಿಯೊಂದರಲ್ಲೇ ಮೂರು ರಾತ್ರಿ ತಂಗಿರಿ. ಬೆಳಿಗ್ಗೆ ಒಂದೇ ಜಾಗ, ಮಧ್ಯಾಹ್ನ ಊಟ ಮತ್ತು ನಿದ್ದೆ, ಸಂಜೆಗೆ ಯಾವ ಯೋಜನೆಯೂ ಬೇಡ. ಕಾರಿನಲ್ಲಿ ವಾಂತಿಯಾಗುವ ಮಗಳಿದ್ದಾಳೆಂದರೆ ರೈಲೇ ಮೇಲು. ಗದಗದ ಕಡೆಗೆ ಹೋಗುವ ರೈಲುಗಳು ವಿಜಯಪುರದಿಂದ ಆಲಮಟ್ಟಿ, ಬಾಗಲಕೋಟೆಯ ಮೇಲೆಯೇ ಬಾದಾಮಿಗೆ ಬರುತ್ತವೆ, ಕೃಷ್ಣಾ ನದಿಯ ಸೇತುವೆ ಬಂದಾಗ ಮಕ್ಕಳು ತಾವಾಗಿಯೇ ಕಿಟಕಿಗೆ ಬರುತ್ತಾರೆ. ಬಾದಾಮಿ ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ದೂರವಿರುವುದರಿಂದ, ಇಳಿದ ಮೇಲೆ ಆಟೊ ಹಿಡಿಯಬೇಕಾಗುತ್ತದೆ ಎಂಬುದು ನೆನಪಿರಲಿ.

ಗುಹೆಗಳಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬಿಸಿಲೇರುವ ಮೊದಲು ಇಳಿದುಬಿಡಿ. ನಾಲ್ಕೂ ಗುಹೆಗಳನ್ನು ಮಗನಿಗೆ ತೋರಿಸಲೇಬೇಕೆಂಬ ಹಟ ಬೇಡ. ಮೊದಲ ಗುಹೆಯ ಹೊರಗೆ, ಬಲಗಡೆಯ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ; ಆ ಕೈಗಳನ್ನು ಒಂದೊಂದಾಗಿ ಎಣಿಸಲು ಬಿಟ್ಟರೆ, ತಪ್ಪಿ ಮತ್ತೆ ಮೊದಲಿನಿಂದ ಎಣಿಸುವುದರಲ್ಲೇ ಅವನ ಬೆಳಗು ಸಾರ್ಥಕವಾಗುತ್ತದೆ. ಮಗಳನ್ನು ಮಾತ್ರ ಮೂರನೆಯ ಗುಹೆಯವರೆಗೆ ಕರೆದೊಯ್ಯಿರಿ. ಅದೇ ಎಲ್ಲಕ್ಕಿಂತ ದೊಡ್ಡದು, ಚಾಲುಕ್ಯ ದೊರೆ ಕೀರ್ತಿವರ್ಮನ ತಮ್ಮ ಮಂಗಳೇಶ ಹಾಕಿಸಿದ, ಕ್ರಿ.ಶ. 578ರ ಶಾಸನವಿರುವುದೂ ಅಲ್ಲಿಯೇ. ಬುತ್ತಿಯನ್ನಾಗಲಿ ಬಿಸ್ಕತ್ತಿನ ಪೊಟ್ಟಣವನ್ನಾಗಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬೇಡಿ; ಅಲ್ಲಿನ ಮಂಗಗಳು ಕಸಿದುಕೊಳ್ಳುವುದರಲ್ಲಿ ನಿಸ್ಸೀಮವಾಗಿವೆ. ಅತ್ತೆಯವರನ್ನು ಮೆಟ್ಟಿಲಿಗೆ ಒತ್ತಾಯಿಸುವುದಕ್ಕಿಂತ, ಸಂಜೆ ಎಲ್ಲರೂ ಸೇರಿ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯತ್ತ ನಿಧಾನವಾಗಿ ನಡೆದು ಕುಳಿತು ಬರುವುದು ಒಳ್ಳೆಯದು. ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಮರುದಿನ ಪಟ್ಟದಕಲ್ಲು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗಳಲ್ಲಿ ಹೆಚ್ಚಿನವು ಒಂದೇ ಆವರಣದಲ್ಲಿದ್ದು, ನೆಲವೂ ಸಮತಟ್ಟಾಗಿರುವುದರಿಂದ, ಮೊಣಕಾಲು ನೋವಿನವರಿಗೂ ಓಡಾಡುವ ಮಕ್ಕಳಿಗೂ ಇದರಷ್ಟು ಅನುಕೂಲದ ಜಾಗ ಆ ಸುತ್ತಿನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮರಳುವಾಗ ಮಹಾಕೂಟದಲ್ಲಿ ಇಳಿಯಿರಿ. ಅಲ್ಲಿಯ ಪುಷ್ಕರಣಿಗೆ ಬುಗ್ಗೆಯ ನೀರು ಬರುತ್ತದೆ. ಮಕ್ಕಳು ನೀರಿಗಿಳಿಯದೆ ಬಿಡುವುದಿಲ್ಲವಾದ್ದರಿಂದ ಒಂದೊಂದು ಜೊತೆ ಬಟ್ಟೆ, ಒಂದು ಟವೆಲ್ ಜೊತೆಗಿರಲಿ, ದೊಡ್ಡವರೊಬ್ಬರು ಪಕ್ಕದಲ್ಲೇ ಇರಲಿ. ಮೂರನೆಯ ದಿನಕ್ಕೆ ಬನಶಂಕರಿ ಸಾಕು. ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು ರೊಟ್ಟಿ, ಪಲ್ಯ, ಚಟ್ನಿ, ಮೊಸರು ಬಡಿಸುತ್ತಾರೆ; ಊಟದ ಚಿಂತೆ ಅಲ್ಲಿಗೆ ಮುಗಿಯಿತು.

ಇನ್ನು ಯಜಮಾನರ ವಾದ. ಆರು ಊರು ನೋಡಿಯೂ ಮನೆಯಲ್ಲಿ ಮಾತು ನಿಲ್ಲುವಂತಾದರೆ ಆ ಖರ್ಚಿಗೆ ಸಿಕ್ಕಿದ್ದೇನು ಎಂದು ಅವರನ್ನೇ ಕೇಳಬಹುದು. ಕೇಳಿ ಜಗಳವಾಗುವಂತಿದ್ದರೆ, ಒಂದು ಬೆಳಿಗ್ಗೆಯನ್ನು ಅವರಿಗೇ ಬಿಟ್ಟುಕೊಡಿ: ಮಗಳಿಗೂ ಮನಸ್ಸಿದ್ದರೆ ಅಪ್ಪ ಮಗಳಿಬ್ಬರೇ ಐಹೊಳೆ ನೋಡಿ ಬರಲಿ, ಉಳಿದವರು ತಡವಾಗಿ ಏಳಲಿ. ಆಲಮಟ್ಟಿಯ ಉದ್ಯಾನಕ್ಕೆ ವಿಜಯಪುರದಿಂದ ಯಾವುದಾದರೊಂದು ಭಾನುವಾರ ಹೋಗಿ ಬರಬಹುದಾದ್ದರಿಂದ ಅದನ್ನು ಈ ಪ್ರವಾಸಕ್ಕೆ ಅಂಟಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಾವು ಅಣ್ಣತಮ್ಮಂದಿರ ಮೂರೂ ಮನೆಯವರು ಸೇರಿ ಒಂದೇ ದಿನ ಗೋಕಾಕ ಜಲಪಾತ ಮತ್ತು ಗೊಡಚಿನಮಲ್ಕಿಗೆ ಹೋಗುತ್ತೇವೆ. ಪ್ರತಿ ಸಲ ಹೊರಡುವುದೇ ತಡವಾಗಿ ಮನಸ್ತಾಪವಾಗುತ್ತದೆ. ಏನು ಮಾಡಬೇಕು?
– ಓದುಗರು, ಬೆಳಗಾವಿ

ಉತ್ತರ: ಎಲ್ಲರೂ ಒಂದೇ ಗಳಿಗೆಗೆ ಹೊರಡಬೇಕೆಂಬ ನಿಯಮವನ್ನು ಮೊದಲು ಕೈಬಿಡಿ. ಎಳೆಯ ಮಕ್ಕಳಿರುವವರು ತಮಗೆ ಅನುಕೂಲವಾದಾಗ ಹೊರಡಲಿ, ಊಟದ ಹೊತ್ತಿಗೆ ಒಂದೆಡೆ ಸೇರಿದರಾಯಿತು. ಎರಡು ಜಲಪಾತಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಗೆ ನಡಿಗೆ ಇರುವುದರಿಂದ, ಎತ್ತಿಕೊಳ್ಳುವ ವಯಸ್ಸಿನ ಮಕ್ಕಳಿದ್ದರೆ ಗೋಕಾಕವೇ ಲೇಸು. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮ್ಮಿಕ್ಕುವ ಆ ಜಾಗದಲ್ಲಿ ಬಂಡೆಯ ಅಂಚು ಮಳೆಗೆ ಪಾಚಿಗಟ್ಟಿ ಜಾರುತ್ತದೆ. ಯಾವ ಮಗುವಿನ ಕೈ ಯಾರು ಹಿಡಿಯಬೇಕೆಂಬುದನ್ನು ಗಾಡಿಯಿಂದ ಇಳಿಯುವ ಮೊದಲೇ ಹೆಸರು ಹಿಡಿದು ಹೇಳಿಬಿಡಿ. ‘ಯಾರಾದರೂ ನೋಡಿಕೊಳ್ಳುತ್ತಾರೆ’ ಎಂದು ಎಲ್ಲರೂ ಅಂದುಕೊಂಡ ಮನೆಗಳಲ್ಲೇ ಮಕ್ಕಳು ಕಣ್ತಪ್ಪಿ ಹೋಗುವುದು. ಕರದಂಟಿನ ಖರೀದಿಯನ್ನು ಹಿಂದಿರುಗುವಾಗ ಒಬ್ಬರೇ ಇಳಿದು ಎಲ್ಲರಿಗೂ ಸೇರಿಸಿ ಮಾಡಲಿ.