ಎಮ್‌ಆರ್‌ಐ ನೋಡಿ ಹೆದರಿದ ಸೊಂಟ

ಪ್ರಶ್ನೆ: ಮೇಡಂ, ನನಗೆ 52 ವರ್ಷ. ಅಡಿಕೆ ಸುಲಿಯುವ ಕೆಲಸ. ಹೋದ ಕೊಯ್ಲಿನಲ್ಲಿ ಬುಟ್ಟಿ ಎತ್ತುವಾಗ ಹಿಡಿದುಕೊಂಡ ಸೊಂಟ ಎಂಟು ತಿಂಗಳಾದರೂ ಬಿಟ್ಟಿಲ್ಲ. ಎಮ್‌ಆರ್‌ಐನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಸವೆದಿದೆ ಎಂದು ಬಂದಿದೆ. ಫಿಸಿಯೋಥೆರಪಿಯಲ್ಲಿ ಹತ್ತು ದಿನ ಕರೆಂಟ್ ಕೊಟ್ಟರು. ಮನೆಗೆ ಬರುವಷ್ಟರಲ್ಲಿ ಮತ್ತೆ ನೋವು. ಈಗ ‘ಡಿಸ್ಕಿಗಿಂತ ನಿಮ್ಮ ನರಗಳೇ ಜಾಸ್ತಿ ಹೆದರಿವೆ, ವ್ಯಾಯಾಮ ಮಾಡಿ’ ಅಂತಾರೆ. ಹಾಗಾದರೆ ನನ್ನ ನೋವು ಬರೀ ಭ್ರಮೆಯೇ? ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಮತ್ತೆ ಕೂರಬಹುದೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಭ್ರಮೆ ಅಲ್ಲ ಅಕ್ಕಾ, ನೋವು ನಿಜ. ಆದರೆ ನೋವು ಎಷ್ಟಿದೆಯೋ ಏಟೂ ಅಷ್ಟೇ ಆಗಿದೆ ಅಂತ ಲೆಕ್ಕ ಹಾಕಬೇಡಿ. ಸುಲಿಯುವ ಭರದಲ್ಲಿ ಬೆರಳು ಕೊಯ್ದದ್ದು ಅಡಿಕೆ ಮೇಲೆ ರಕ್ತ ಕಂಡಮೇಲೇ ಗೊತ್ತಾಗಿದ್ದು ನಿಮಗೂ ಆಗಿರುತ್ತದೆ. ಇದರ ಉಲ್ಟಾನೂ ಉಂಟು. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಬ್ಬ ಕಟ್ಟಡ ಕೆಲಸಗಾರನ ಸಂಗತಿ ಬಂದಿತ್ತು. ಕೆಳಗೆ ಜಿಗಿದಾಗ ದೊಡ್ಡ ಮೊಳೆಯೊಂದು ಬೂಟನ್ನು ತೂರಿ ಮೇಲೆ ಬಂತು. ಅದು ಚೂರು ಅಲುಗಿದರೂ ತಡೆಯಲಾರದ ನೋವು. ಮಂಪರಿನ ಮದ್ದು ಕೊಟ್ಟು ಬೂಟು ಕಳಚಿದರೆ ಮೊಳೆ ಬೆರಳುಗಳ ಸಂದಿಯಲ್ಲಿ ಹಾದುಹೋಗಿತ್ತು, ಕಾಲಿಗೆ ಏನೂ ಆಗಿರಲಿಲ್ಲ! ಅವನೇನು ನಾಟಕ ಆಡಲಿಲ್ಲ.

ನಿಮ್ಮ ಕಡೆ ನಾಯಿಗಳನ್ನು ನೋಡಿ. ಒಮ್ಮೆ ಚಿರತೆ ಬಂದುಹೋದರೆ ಆಮೇಲೆ ಅಡಿಕೆ ಹಾಳೆ ಬಿದ್ದ ಸದ್ದಿಗೂ ಬೊಗಳುತ್ತವೆ. ಎಂಟು ತಿಂಗಳು ನೋವು ಉಂಡ ನರಮಂಡಲವೂ ಹಾಗೇ, ಸುಮ್ಮನೆ ಬಗ್ಗಿದರೂ ಕೂಗೆಬ್ಬಿಸುತ್ತದೆ.

ಇನ್ನು ರಿಪೋರ್ಟು. ಸೊಂಟನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿದ 2015ರ ವರದಿಯಲ್ಲಿ, ಐವತ್ತರ ವಯಸ್ಸಿನವರ ಪೈಕಿ ಶೇ. 60 ಮಂದಿಗೆ ಡಿಸ್ಕ್ ಉಬ್ಬಿತ್ತು, ಶೇ. 80 ಮಂದಿಗೆ ಸವೆದಿತ್ತು. ಮೊದಲೆಲ್ಲ ನಾನೂ ಪ್ಲಾಸ್ಟಿಕ್ ಬೆನ್ನುಮೂಳೆ ಹಿಡಿದು, ಕೆಂಪು ಡಿಸ್ಕ್ ಹೊರಗೆ ಇಣುಕುವುದನ್ನು ತೋರಿಸಿ ಹೆದರಿಸುತ್ತಿದ್ದೆ. ಹಾಗೆ ಹೆದರಿದ ಒಬ್ಬರು ವರ್ಷವಿಡೀ ಮೊಮ್ಮಗನನ್ನು ಎತ್ತಿಕೊಳ್ಳಲಿಲ್ಲ. ಆ ಮಾಡೆಲ್ ಈಗ ಅಟ್ಟದ ಮೇಲಿದೆ.

ಕರೆಂಟ್ ಮೋಸವೇನಲ್ಲ. ಮೊಣಕೈ ಬಾಗಿಲಿಗೆ ಬಡಿದರೆ ಉಜ್ಜಿಕೊಳ್ಳುತ್ತೇವಲ್ಲ, ಅದೇ ವಿದ್ಯೆ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ ಎಂದು ನೋವಿನ ಸಂಶೋಧಕರಾದ ಮೆಲ್ಝ್ಯಾಕ್ ಮತ್ತು ವಾಲ್ 1965ರಲ್ಲೇ ವಿವರಿಸಿದ್ದರು. ಉಜ್ಜುವುದು ನಿಂತರೆ ಅಡ್ಡವೂ ಹೋಯಿತು. ಅದಕ್ಕೇ ನಿಮಗೆ ಆರಾಮು ಮನೆ ಮುಟ್ಟುವವರೆಗಷ್ಟೇ.

ಮೆಟ್ಟುಗತ್ತಿ ಮುಂದೆ ಧಾರಾಳವಾಗಿ ಕೂರಿ. ಆದರೆ ನೋವು ಬಂದು ಎಬ್ಬಿಸುವ ತನಕ ಕಾಯಬೇಡಿ. ಅರ್ಧ ಗಂಟೆಗೆ ನೋವು ಶುರುವಾಗುವುದಾದರೆ ಇಪ್ಪತ್ತು ನಿಮಿಷಕ್ಕೇ ಮೊಬೈಲ್‌ನಲ್ಲಿ ಅಲಾರಾಂ ಇಟ್ಟು ಏಳಿ. ಅಂಗಳಕ್ಕೊಂದು ಸುತ್ತು ಹಾಕಿ ಬನ್ನಿ. ನಾಲ್ಕೈದು ದಿನಕ್ಕೊಮ್ಮೆ ಐದು ನಿಮಿಷ ಏರಿಸಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆರಡು ಸಲ, ಎಂಟೆಂಟು ಬಾರಿ ಮಾಡಿ. ಬುಟ್ಟಿ ಕಾಲು ಭಾಗ ತುಂಬಿ ಎತ್ತಲು ಶುರುಮಾಡಿ. ಸಂಜೆ ತುಸು ಏರಿದ ನೋವು ಮರುದಿನಕ್ಕೆ ಇಳಿದರೆ ಚಿಂತೆಯಿಲ್ಲ. ಇಳಿಯದಿದ್ದರೆ ಹಿಂದಿನ ಲೆಕ್ಕಕ್ಕೇ ಬನ್ನಿ.

ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಮಾತ್ರ ಇದನ್ನೆಲ್ಲ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಆಗ ನನಗೆ ಪತ್ರ ಬರೆಯುತ್ತ ಕೂರಬೇಡಿ.